ಎರಡು ಬೆರಳಲ್ಲಿ ತಿರುಗುವ ಪುಶ್‌ರಾಡ್

ಬಸವಕಲ್ಯಾಣದ ನನ್ನ ಮನೆಯಿಂದ ಹುಮನಾಬಾದಿನ ಶಾಲೆಗೆ ಮೂವತ್ತು ಕಿಲೋಮೀಟರ್ ಆಸುಪಾಸು. ಊರು ದಾಟಿ ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿ ಹತ್ತಿದರೆ, ರಾಜೇಶ್ವರದ ಮೇಲೆ ಹಾದು ನೆಟ್ಟಗೆ ಹುಮನಾಬಾದ್. ಹಿಂದೆ ಇದು 9ನೇ ನಂಬರಿನ ಹೆದ್ದಾರಿ, ಈಗ 65. ಪುಣೆ, ಸೋಲಾಪುರದ ಕಡೆಯಿಂದ ಹೈದರಾಬಾದಿಗೆ ಹೋಗುವ ಲಾರಿಗಳಿಗೆಲ್ಲ ಇದೇ ದಾರಿ. ಕಬ್ಬಿನ ಹಂಗಾಮು ಬಂತೆಂದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಈ ರಸ್ತೆಯಲ್ಲಿ ಬೈಕ್ ಓಡಿಸುವವನಿಗೆ ಬೇಕಾದದ್ದು ನೂರಿಪ್ಪತ್ತರ ವೇಗವಲ್ಲ. ನಲವತ್ತರಲ್ಲಿ ಟ್ರ್ಯಾಕ್ಟರ್ ಹಿಂದೆ ಹೋಗುತ್ತಿದ್ದವನು ದಾರಿ ಖಾಲಿ ಕಂಡ ಕೂಡಲೇ ಗೇರ್ ಇಳಿಸದೆ ಅರವತ್ತೈದಕ್ಕೆ ಏರಿ ದಾಟಿಬಿಡಬೇಕು. ಅಷ್ಟೇ ಬೇಕು. ಇದನ್ನು ತಿಳಿಯಲು ನನಗೆ ಒಂದು ಕ್ಯಾಮ್ ಜೋಡಿ, ಒಂದು ಎಕ್ಸಾಸ್ಟ್ ವಾಲ್ವ್ ಮತ್ತು ಎರಡು ವರ್ಷ ಹಿಡಿದವು.

ನನ್ನದು 1998ರ ಬುಲೆಟ್, 350. ಕಬ್ಬಿಣದ ಸಿಲಿಂಡರಿನ ಹಳೆಯ ಇಂಜಿನ್. ಮದ್ರಾಸಿನಲ್ಲಿ 1955ರಲ್ಲಿ ಜೋಡಣೆ ಶುರುವಾದ ಆ ಬುಲೆಟ್ಟಿನ ವಂಶ. ಬೋರ್ 70 ಮಿಲಿಮೀಟರ್, ಸ್ಟ್ರೋಕ್ 90, ಒಟ್ಟು 346 ಸಿಸಿ, ಕಂಪ್ರೆಷನ್ 6.5ಕ್ಕೆ 1. ಶಾಲೆಯಲ್ಲಿ ವಿಜ್ಞಾನ ಕಲಿಸುವವನಾದ್ದರಿಂದ ಈ ಅಂಕಿಗಳು ನನಗೆ ಮೊದಲೇ ಬಾಯಿಪಾಠ ಇದ್ದವು. ಆದರೆ ಆ ಕೊನೆಯ ಅಂಕಿ, 6.5, ಕ್ಯಾಮ್ ಆರಿಸುವವನಿಗೆ ಏನು ಹೇಳುತ್ತದೆ ಎಂದು ಆಗ ಕೇಳಿಕೊಂಡಿರಲಿಲ್ಲ.

2013ರ ಡಿಸೆಂಬರಿನಲ್ಲಿ ಗೆಳೆಯರೊಬ್ಬರ ಮಾತು ಕೇಳಿ, ದೊಡ್ಡ ಊರಿನ ಒಂದು ವರ್ಕ್‌ಶಾಪಿನಿಂದ ‘ಹೈ ಲಿಫ್ಟ್’ ಕ್ಯಾಮ್ ತರಿಸಿದೆ. ಹೊಸದಾಗಿ ಮಾಡಿದ್ದಲ್ಲ. ಹಳೆಯ ಕ್ಯಾಮನ್ನೇ ಮತ್ತೆ ಗ್ರೈಂಡ್ ಮಾಡಿ ಆಕಾರ ಬದಲಿಸಿದ್ದು. ಜೊತೆಗೆ ಒಂದು ಚೀಟಿಯೂ ಇರಲಿಲ್ಲ. ಕೇಳಿದ್ದಕ್ಕೆ ‘ಪಿಕಪ್ ಡಬಲ್ ಆಗ್ತದೆ’ ಎಂಬ ಉತ್ತರ ಬಂತು. ಹಳೆಯ ಬುಲೆಟ್ಟಿನಲ್ಲಿ ಇನ್ಲೆಟ್ಟಿಗೊಂದು, ಎಕ್ಸಾಸ್ಟಿಗೊಂದು ಬೇರೆ ಬೇರೆ ಕ್ಯಾಮ್ ಚಕ್ರ. ಬಲಗಡೆಯ ಟೈಮಿಂಗ್ ಕವರ್ ತೆಗೆದರೆ ಎರಡೂ ಎದುರಿಗೇ ಕಾಣುತ್ತವೆ, ಗುರುತಿಗೆ ಗುರುತು ಕೂಡಿಸಿ ಕೂರಿಸಿದರಾಯಿತು. ಒಂದು ಭಾನುವಾರ ಮನೆಯ ಅಂಗಳದಲ್ಲೇ ಕೂತು ಹಾಕಿಕೊಂಡೆ. ಇಷ್ಟು ಸುಲಭವಾಗಿ ಬಿಚ್ಚಿ ಕೂಡಿಸಬಹುದೆಂಬುದೇ ನನ್ನನ್ನು ದಾರಿ ತಪ್ಪಿಸಿತು. ಕೂಡಿಸಲು ಬಂದವನಿಗೆ ಅಳೆಯಲೂ ಬರುತ್ತದೆ ಎಂದುಕೊಂಡಿದ್ದೆ.

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಜನವರಿಯಲ್ಲಿ. ಆ ಹೊತ್ತಿಗೆ ಬೈಕ್ ಬದಲಾಗಿತ್ತು. ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ತಿರುವಿದರೆ ಮೇಲಿನ ಆರ್‌ಪಿಎಮ್‌ನಲ್ಲಿ ಹುರುಪು ಇತ್ತು, ನಿಜ. ಆದರೆ ಟ್ರ್ಯಾಕ್ಟರ್ ಹಿಂದೆ ಸಿಕ್ಕಾಗ ಏದುಸಿರು ಬಿಡುತ್ತಿತ್ತು. ಐಡ್ಲಿಂಗ್ ಒಂದೇ ಸಮ ನಿಲ್ಲುತ್ತಿರಲಿಲ್ಲ. ಲೀಟರಿಗೆ ಮೂವತ್ತೈದು ಕೊಡುತ್ತಿದ್ದದ್ದು ಇಪ್ಪತ್ತಾರಕ್ಕೆ ಇಳಿಯಿತು. ಕಿಕ್ ಮಾತ್ರ ಹಗುರವಾಗಿತ್ತು. ಡಿಕಂಪ್ರೆಶರ್ ಹಿಡಿಯದೆಯೇ ಕಾಲು ಕೆಳಗಿಳಿಯುತ್ತಿತ್ತು. ಅದನ್ನು ನಾನು ಒಳ್ಳೆಯ ಲಕ್ಷಣವೆಂದು ತಿಳಿದೆ. ಬುಲೆಟ್ ಇಟ್ಟುಕೊಂಡವರು ಇದನ್ನು ನೆನಪಿಡಬೇಕು. ಕಿಕ್ ಇದ್ದಕ್ಕಿದ್ದಂತೆ ಹಗುರಾಯಿತೆಂದರೆ ಒಳಗಿನ ಒತ್ತಡ ಎಲ್ಲಿಂದಲೋ ಸೋರುತ್ತಿದೆ ಎಂದೇ ಅರ್ಥ.

ಸಾವಿರ ಕಿಲೋಮೀಟರಾದ ಮೇಲೆ ಟ್ಯಾಪೆಟ್ ಸದ್ದು ಶುರುವಾಯಿತು. ಸಿಲಿಂಡರಿನ ಪಕ್ಕದ ಟ್ಯಾಪೆಟ್ ಕವರ್ ತೆಗೆದು ಸೆಟ್ ಮಾಡಿದೆ. ಎರಡು ನೂರು ಕಿಲೋಮೀಟರಿಗೆ ಮತ್ತೆ ಸದ್ದು. ಮತ್ತೆ ಸೆಟ್ ಮಾಡಿದೆ. ಆಗಲೇ ನಿಲ್ಲಿಸಿ ಕೇಳಬೇಕಿತ್ತು, ಕೇಳಲಿಲ್ಲ. ಮಾರ್ಚಿನ ಒಂದು ಮಧ್ಯಾಹ್ನ ರಾಜೇಶ್ವರದ ಹತ್ತಿರ ಸೈಲೆನ್ಸರಿನಲ್ಲಿ ಪಟಪಟ ಸಿಡಿದು ಇಂಜಿನ್ ನಿಂತಿತು. ಮತ್ತೆ ಎಷ್ಟು ಒದ್ದರೂ ಏಳಲಿಲ್ಲ. ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಸಸ್ತಾಪುರ ಬಂಗ್ಲಾಕ್ಕೆ ತಂದೆ.

ಅಲ್ಲಿ ಲಾರಿ ಗ್ಯಾರೇಜುಗಳ ನಡುವೆ ಅಪ್ಪನ ಕಾಲದಿಂದ ಪರಿಚಯವಿದ್ದ ಉಸ್ತಾದರೊಬ್ಬರಿದ್ದರು. ಅಪ್ಪ ಟಾಟಾ ಲಾರಿ ಓಡಿಸುತ್ತಿದ್ದಾಗ ಟ್ಯಾಪೆಟ್ ಕೆಲಸಕ್ಕೆ ಅವರನ್ನು ಬಿಟ್ಟು ಬೇರೆಯವರ ಹತ್ತಿರ ಹೋದವರಲ್ಲ. ಟಾಟಾ ಕಂಪನಿ 1954ರಿಂದ 1969ರವರೆಗೆ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡುತ್ತಿತ್ತು. ಆ ಪರಂಪರೆಯ ಆರು ಸಿಲಿಂಡರಿನ ಇಂಜಿನ್ ಮೇಲೆ ಉಸ್ತಾದ್ ಕೆಲಸ ಮಾಡುವುದನ್ನು ಹುಡುಗನಾಗಿದ್ದಾಗ ನಿಂತು ನೋಡುತ್ತಿದ್ದೆ. ಇನ್ಲೆಟ್ ಇಪ್ಪತ್ತು, ಎಕ್ಸಾಸ್ಟ್ ಮೂವತ್ತು, ಅಂದರೆ 0.20 ಮತ್ತು 0.30 ಮಿಲಿಮೀಟರ್, ಇಂಜಿನ್ ತಣ್ಣಗಿರುವಾಗ. ಆರನೆಯ ಸಿಲಿಂಡರಿನ ಎರಡೂ ವಾಲ್ವ್ ಒಂದು ಮುಚ್ಚುತ್ತ ಇನ್ನೊಂದು ತೆರೆಯುತ್ತ ತೂಗುವಾಗ ಒಂದನೆಯದನ್ನು ಸೆಟ್ ಮಾಡಬೇಕು. ಎರಡನೆಯದು ತೂಗುವಾಗ ಐದನೆಯದು, ನಾಲ್ಕನೆಯದು ತೂಗುವಾಗ ಮೂರನೆಯದು, ಹೀಗೆ ಆರಕ್ಕೂ ಜೋಡಿಯ ಲೆಕ್ಕ. ಕಾಗದ ಮುಟ್ಟದ ಮನುಷ್ಯನ ಬಾಯಲ್ಲಿ ಫೈರಿಂಗ್ ಆರ್ಡರ್ ಮಗ್ಗಿಯಂತೆ ಬರುತ್ತಿತ್ತು.

ಬುಲೆಟ್ ನೋಡಿದ ಉಸ್ತಾದ್ ಮೊದಲು ಕೇಳಿದ್ದು, “ಮಾಸ್ತರ, ಟ್ಯಾಪೆಟ್ ಹೆಂಗ ಸೆಟ್ ಮಾಡ್ದ್ರಿ?”

ಸರಿಯಾಗೇ ಮಾಡಿದ್ದೆ. ಹಳೆಯ ಬುಲೆಟ್ಟಿನ ಕ್ರಮ ಹೀಗಿದೆ: ಇಂಜಿನ್ ಪೂರ್ತಿ ತಣ್ಣಗಿರಬೇಕು. ಪಿಸ್ಟನ್ ಕಂಪ್ರೆಷನ್ ಸ್ಟ್ರೋಕಿನ ತುದಿಯಲ್ಲಿರಬೇಕು. ಆಗ ಪುಶ್‌ರಾಡನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಅಲ್ಲಾಡಬಾರದು. ಅಂದರೆ ಸಂದು ಶೂನ್ಯ. ಬೇರೆ ಇಂಜಿನ್ನುಗಳಲ್ಲಿ ವಾಲ್ವಿನ ಕಾಂಡ ಕಾದು ಉದ್ದವಾಗುವುದಕ್ಕೆ ಜಾಗ ಬಿಡಬೇಕು. ಇಲ್ಲಿ ಸಿಲಿಂಡರ್ ಕಾದು ಬೆಳೆಯುತ್ತದೆ, ಅಲ್ಯೂಮಿನಿಯಂ ಪುಶ್‌ರಾಡೂ ಜೊತೆಗೆ ಬೆಳೆಯುತ್ತದೆ. ಅದಕ್ಕೇ ಶೂನ್ಯ ಇಟ್ಟರೂ ನಡೆಯುತ್ತದೆ. ಲಾಕ್‌ನಟ್ ಬಿಗಿ ಮಾಡುವಾಗ ಅಡ್ಜಸ್ಟರ್ ಒಂದಿಷ್ಟು ಸರಿಯುತ್ತದಲ್ಲ, ಅದಕ್ಕಾಗಿ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ತಿರುಗಿಸಿ ನೋಡಬೇಕು. ಇದೆಲ್ಲ ಮಾಡಿದ್ದೆನೆಂದು ಹೇಳಿದೆ.

ಉಸ್ತಾದ್ ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ಬರಹೇಳಿದರು. ನಮ್ಮ ಕಡೆ ಬೇಸಿಗೆಯಲ್ಲಿ ‘ಕೋಲ್ಡ್ ಇಂಜಿನ್’ ಎಂಬುದು ಬೆಳಗಿನ ಜಾವದಲ್ಲಷ್ಟೇ ಇರುತ್ತದೆ. ಹನ್ನೆರಡರ ಬಿಸಿಲಲ್ಲಿ ನಿಂತ ಬೈಕನ್ನು ಅರ್ಧ ದಿನ ಓಡಿಸಿಲ್ಲವೆಂದ ಮಾತ್ರಕ್ಕೆ ತಣ್ಣಗಿದೆ ಎನ್ನಲಾಗದು. ಬೆಳಿಗ್ಗೆ ಹೋದಾಗ ಪುಶ್‌ರಾಡ್ ನನ್ನ ಕೈಗೇ ಕೊಟ್ಟು, ತಾವು ಹಿಂದಿನ ಗಾಲಿಯನ್ನು ಟಾಪ್ ಗೇರಿನಲ್ಲಿ ಮೆಲ್ಲಗೆ ತಿರುಗಿಸುತ್ತ ಹೋದರು. “ತಿರುಗಿಸ್ತಾ ಇರ್ರಿ, ಬಿಡಬ್ಯಾಡ್ರಿ.” ಕಂಪ್ರೆಷನ್ ತುದಿಯಲ್ಲಿ ಎಕ್ಸಾಸ್ಟಿನ ಪುಶ್‌ರಾಡ್ ಸಲೀಸು. ಒಂದಿಷ್ಟು ಹಿಂದಕ್ಕೆ ಬಂದರೆ, ವಾಲ್ವ್ ಇನ್ನೂ ಮುಚ್ಚಿಯೇ ಇರಬೇಕಾದ ಜಾಗದಲ್ಲಿ, ಪುಶ್‌ರಾಡ್ ಗಟ್ಟಿ. ಬೆರಳಿಗೆ ಜಗ್ಗಲೇ ಇಲ್ಲ.

“ಕ್ಯಾಮ್‌ನ ಬೆನ್ನು ಗುಂಡಗಿಲ್ರಿ, ಮಾಸ್ತರ” ಎಂದರು.

ಕ್ಯಾಮಿಗೆ ಒಂದು ಮೂಗು, ಒಂದು ಬೆನ್ನು. ಮೂಗು ವಾಲ್ವನ್ನು ಎತ್ತುತ್ತದೆ, ಬೆನ್ನಿನ ಮೇಲೆ ಬಂದಾಗ ವಾಲ್ವ್ ಮುಚ್ಚಿರುತ್ತದೆ. ಬೆನ್ನು ಅಚ್ಚಿನ ಸುತ್ತ ಬರೋಬರಿ ವೃತ್ತವಾಗಿರಬೇಕು. ನನ್ನ ಎಕ್ಸಾಸ್ಟ್ ಕ್ಯಾಮನ್ನು ಮತ್ತೆ ಗ್ರೈಂಡ್ ಮಾಡುವಾಗ ನಡುವನ್ನು ತಪ್ಪಿಸಿದ್ದರು. ಕ್ಯಾಮ್ ಹೊರತೆಗೆದು ಡಯಲ್ ಗೇಜ್ ಇಟ್ಟು ತಿರುಗಿಸಿದಾಗ ಮುಳ್ಳು 0.15 ಮಿಲಿಮೀಟರ್ ಓಡಾಡಿತು. ನಾನು ಒಂದು ಕಡೆ ಶೂನ್ಯ ಇಟ್ಟಾಗ ಇನ್ನೊಂದು ಕಡೆ ವಾಲ್ವ್ ಕೂದಲೆಳೆಯಷ್ಟು ತೆರೆದೇ ಉಳಿಯುತ್ತಿತ್ತು. ಎಕ್ಸಾಸ್ಟ್ ವಾಲ್ವಿನ ಶಾಖ ಹೊರಹೋಗುವುದು ಮುಖ್ಯವಾಗಿ ಅದು ಸೀಟಿನ ಮೇಲೆ ಕೂತಾಗ. ಕೂರಲು ಬಿಡದಿದ್ದರೆ ಅಂಚು ಸುಡುತ್ತದೆ. ಹೆಡ್ ಬಿಚ್ಚಿದಾಗ ವಾಲ್ವಿನ ಅಂಚಿನಲ್ಲಿ ಉಗುರಿನಷ್ಟಗಲ ತಿಂದುಹೋಗಿತ್ತು. ಹಗುರ ಕಿಕ್ಕಿನ ಕಾರಣ ಅಲ್ಲಿತ್ತು.

ಸದ್ದಿನ ಕಾರಣ ಬೇರೆ. ಕ್ಯಾಮ್ ಮಾಡುವಾಗ ಉಕ್ಕಿನ ಮೇಲ್ಮೈಯನ್ನಷ್ಟೇ ಗಟ್ಟಿ ಮಾಡಿರುತ್ತಾರೆ, ಒಳಗಿನ ಉಕ್ಕು ಮೆತ್ತಗೇ ಇರುತ್ತದೆ. ಆಳವಾಗಿ ಗ್ರೈಂಡ್ ಮಾಡಿದರೆ ಆ ಗಟ್ಟಿ ಪದರವೇ ಹೋಗಿಬಿಡುತ್ತದೆ. ಮತ್ತೆ ಶಾಖ ಕೊಟ್ಟು ಗಟ್ಟಿ ಮಾಡದಿದ್ದರೆ ಕ್ಯಾಮ್ ಸವೆಯುತ್ತಲೇ ಹೋಗುತ್ತದೆ. ನನ್ನದು ಹೀಗೇ ಸವೆದಿತ್ತು, ಅದರ ಪುಡಿ ಎಣ್ಣೆಯಲ್ಲಿ ಮಿನುಗುತ್ತಿತ್ತು. ಉಸ್ತಾದ್ ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ ನನಗೆ ತೋರಿಸಿದರು, ಒಂದು ಮಾತೂ ಆಡಲಿಲ್ಲ. ಬಿಗ್ ಎಂಡ್ ಬುಷ್ ಉಳಿದದ್ದೇ ಹೆಚ್ಚು.

ಆ ದಿನ ಅವರಿಂದ ಕಲಿತ ಒಂದು ವಿಷಯವನ್ನು ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಟ್ಯಾಪೆಟ್ ಸಂದನ್ನು ಪ್ರತಿ ಸಲ ಅಳೆದು ಬರೆದಿಡಬೇಕು. ಸಂದು ಸಲದಿಂದ ಸಲಕ್ಕೆ ಹೆಚ್ಚುತ್ತಿದ್ದರೆ ಕ್ಯಾಮೋ ಟ್ಯಾಪೆಟ್ಟಿನ ಪಾದವೋ ರಾಕರೋ ಸವೆಯುತ್ತಿದೆ. ಕಡಿಮೆಯಾಗುತ್ತಿದ್ದರೆ ವಾಲ್ವ್ ಸೀಟಿನೊಳಗೆ ಇಳಿಯುತ್ತಿದೆ. ಮೊದಲನೆಯದು ಸದ್ದು ಮಾಡಿ ತಿಳಿಸುತ್ತದೆ. ಎರಡನೆಯದು ಸದ್ದೇ ಇಲ್ಲದೆ ವಾಲ್ವ್ ಸುಡುತ್ತದೆ. ‘ಇಂಜಿನ್ ಎಷ್ಟು ಸೈಲೆಂಟ್ ಅದ ನೋಡ್ರಿ’ ಎಂದು ಗಿರಾಕಿಯನ್ನು ಖುಷಿಪಡಿಸಲು ಟ್ಯಾಪೆಟ್ ಬಿಗಿ ಮಾಡಿ ಕೊಡುವ ಮೆಕ್ಯಾನಿಕ್ಕುಗಳಿದ್ದಾರೆ. ಅಂಥವರ ಕೈಗೆ ಗಾಡಿ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಸ ವಾಲ್ವ್ ಹಾಕಿ, ಸೀಟು ಕತ್ತರಿಸಿ, ಹಳೆಯ ಕಂಪನಿ ಕ್ಯಾಮನ್ನೇ ಕೂರಿಸಿದೆವು. ಬೈಕ್ ಮೊದಲಿನಂತಾಯಿತು. ಆದರೆ ಪ್ರಶ್ನೆ ಉಳಿಯಿತು. ಗ್ರೈಂಡಿಂಗ್ ಸರಿಯಾಗಿದ್ದಿದ್ದರೂ ಆ ಕ್ಯಾಮ್ ಈ ರಸ್ತೆಗೆ ಹೊಂದುತ್ತಿತ್ತೇ? ಹೊಂದುತ್ತಿರಲಿಲ್ಲ. ಯಾಕೆಂದು ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು.

ಕ್ಯಾಮಿನಲ್ಲಿ ನೋಡಬೇಕಾದದ್ದು ಲಿಫ್ಟ್ ಒಂದನ್ನೇ ಅಲ್ಲ. ವಾಲ್ವ್ ಎಷ್ಟು ಹೊತ್ತು ತೆರೆದಿರುತ್ತದೆ, ಅಂದರೆ ಡ್ಯುರೇಷನ್, ಅದಕ್ಕಿಂತ ಮುಖ್ಯ. ಅದರಲ್ಲೂ ಇನ್ಲೆಟ್ ವಾಲ್ವ್ ಯಾವಾಗ ಮುಚ್ಚುತ್ತದೆ ಎಂಬುದು ಎಲ್ಲಕ್ಕಿಂತ ಮುಖ್ಯ. ಪಿಸ್ಟನ್ ಕೆಳಗಿನ ತುದಿ ಮುಟ್ಟಿ ಮೇಲೇರಲು ಶುರುಮಾಡಿದ ಮೇಲೂ ಇನ್ಲೆಟ್ ಒಂದಿಷ್ಟು ಹೊತ್ತು ತೆರೆದಿರುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಜೋರಾಗಿ ಬಂದು ಬ್ರೇಕ್ ಹಾಕಿದರೆ ಹಿಂದಿನ ಟ್ರೇಲರ್ ಮುಂದಿನದನ್ನು ದೂಡುತ್ತದಲ್ಲ, ಹಾಗೆ ವೇಗದಲ್ಲಿ ನುಗ್ಗಿ ಬರುವ ಗಾಳಿ-ಪೆಟ್ರೋಲ್ ಮಿಶ್ರಣ ಪಿಸ್ಟನ್ ಮೇಲೇರುತ್ತಿದ್ದರೂ ಒಳಗೆ ದೂಡಿಕೊಳ್ಳುತ್ತದೆ. ಆದರೆ ಟ್ರ್ಯಾಕ್ಟರ್ ನಡಿಗೆಯ ವೇಗದಲ್ಲಿದ್ದರೆ ಹಿಂದಿನಿಂದ ದೂಡುವ ಬಲವಿಲ್ಲ. ಕಡಿಮೆ ಆರ್‌ಪಿಎಮ್‌ನಲ್ಲಿ ತಡವಾಗಿ ಮುಚ್ಚುವ ವಾಲ್ವಿನಿಂದ ಒಳಗೆ ಬಂದ ಮಿಶ್ರಣವೇ ಹಿಂದಕ್ಕೆ ಕಾರ್ಬ್ಯುರೇಟರಿನತ್ತ ಹೋಗುತ್ತದೆ. ಒಳಗೆ ಉಳಿದಷ್ಟನ್ನೇ ಪಿಸ್ಟನ್ ಅದುಮಬೇಕು. 6.5ಕ್ಕೆ 1 ಎಂದು ಪುಸ್ತಕದಲ್ಲಿರುವ ಕಂಪ್ರೆಷನ್ ಮೊದಲೇ ಕಡಿಮೆ. ತಡವಾಗಿ ಮುಚ್ಚುವ ಕ್ಯಾಮ್ ಅದನ್ನು ಇನ್ನೂ ಇಳಿಸುತ್ತದೆ. ಉದ್ದ ಡ್ಯುರೇಷನ್ನಿನ ಕ್ಯಾಮನ್ನು ಹೆಚ್ಚು ಕಂಪ್ರೆಷನ್ನಿನ ಪಿಸ್ಟನ್ ಜೊತೆಗೇ ಹಾಕುವುದು ಇದಕ್ಕಾಗಿ. ಒಂದನ್ನು ಹಾಕಿ ಇನ್ನೊಂದನ್ನು ಬಿಟ್ಟರೆ ಇದ್ದ ಬಲವೂ ಹೋಗುತ್ತದೆ.

ಇನ್ನು ಮೇಲಿನ ಆರ್‌ಪಿಎಮ್. 90 ಮಿಲಿಮೀಟರ್ ಸ್ಟ್ರೋಕಿನ ಪಿಸ್ಟನ್ 5,500 ಆರ್‌ಪಿಎಮ್‌ನಲ್ಲಿ ಸರಾಸರಿ ಸೆಕೆಂಡಿಗೆ 16.5 ಮೀಟರ್ ಓಡುತ್ತದೆ. 6,500ಕ್ಕೆ ಏರಿಸಿದರೆ 19.5 ಮೀಟರ್. ವೇಗ ಏರಿದ್ದು ಶೇಕಡಾ 18, ಆದರೆ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಸುಮಾರು ಶೇಕಡಾ 40. ಹಳೆಯ ಬುಲೆಟ್ಟಿನ ತೇಲುವ ಬಿಗ್ ಎಂಡ್ ಬುಷ್ ಅಷ್ಟನ್ನು ದಿನವೂ ಹೊರುವ ಹಾಗೆ ಮಾಡಿದ್ದಲ್ಲ. ನಾನು ಓಡಿಸುವುದು ಮೂರು ಸಾವಿರದ ಆಸುಪಾಸಿನಲ್ಲಿ. ಆರು ಸಾವಿರದಲ್ಲಿ ಬಲ ಕೊಡುವ ಕ್ಯಾಮ್ ಕಟ್ಟಿಕೊಂಡು ನಾನು ಮಾಡುವುದಾದರೂ ಏನು?

ಎರಡು ವರ್ಷ ಬಿಟ್ಟು ಮತ್ತೊಂದು ಕ್ಯಾಮ್ ಕೊಂಡೆ. ಈ ಸಲ ಹೊಸ ಉಕ್ಕಿನಿಂದಲೇ ಕಡೆದದ್ದು, ಲಿಫ್ಟ್ ಒಂದಿಷ್ಟು ಹೆಚ್ಚು, ಡ್ಯುರೇಷನ್ ಕಂಪನಿಯದಕ್ಕಿಂತ ಬಹಳ ಬೇರೆಯಲ್ಲ. ಜೊತೆಗೆ ಚೀಟಿ ಇತ್ತು. ಡ್ಯುರೇಷನ್ ಎಷ್ಟು ಡಿಗ್ರಿ ಎಂದಷ್ಟೇ ಅಲ್ಲ, ಎಷ್ಟು ಲಿಫ್ಟಿನಲ್ಲಿ ಅಳೆದದ್ದು ಎಂದೂ ಬರೆದಿತ್ತು. ಇದು ಇಲ್ಲದಿದ್ದರೆ ಡಿಗ್ರಿಯ ಅಂಕಿಗೆ ಬೆಲೆಯೇ ಇಲ್ಲ. ಒಬ್ಬರು ವಾಲ್ವ್ ಅಲುಗಿದಾಗಿನಿಂದ ಎಣಿಸುತ್ತಾರೆ, ಇನ್ನೊಬ್ಬರು ಒಂದು ಮಿಲಿಮೀಟರ್ ಎದ್ದ ಮೇಲೆ. ಒಂದೇ ಕ್ಯಾಮಿಗೆ ಎರಡು ಬೇರೆ ಅಂಕಿ ಬರುತ್ತವೆ.

ಆ ಚೀಟಿಯಲ್ಲಿ ಟ್ಯಾಪೆಟ್ ಸಂದು ಇನ್ಲೆಟ್ 0.05, ಎಕ್ಸಾಸ್ಟ್ 0.10 ಮಿಲಿಮೀಟರ್ ಎಂದಿತ್ತು. ಓದಿ ನಿಂತುಬಿಟ್ಟೆ. ಎರಡು ಬೆರಳಲ್ಲಿ ತಿರುಗಿಸಿ ಶೂನ್ಯ ನೋಡುವ ಕ್ರಮವನ್ನು ನಾನು ಬುಲೆಟ್ಟಿನ ನಿಯಮ ಎಂದುಕೊಂಡಿದ್ದೆ. ಅದು ಕಂಪನಿ ಕ್ಯಾಮಿನ ನಿಯಮ. ವಾಲ್ವನ್ನು ಮೆಲ್ಲಗೆ ಎತ್ತಿ ಮೆಲ್ಲಗೆ ಇಳಿಸಲು ಮೂಗಿಗೂ ಬೆನ್ನಿಗೂ ನಡುವೆ ಒಂದು ಸಣ್ಣ ಇಳಿಜಾರು ಇರುತ್ತದೆ. ಸಂದು ಎಷ್ಟಿರಬೇಕೆಂದು ಗೊತ್ತುಮಾಡುವುದು ಆ ಇಳಿಜಾರು. ಕ್ಯಾಮ್ ಬದಲಾದರೆ ಅದೂ ಬದಲಾಗುತ್ತದೆ. ಹೇಳಿದ್ದಕ್ಕಿಂತ ಕಡಿಮೆ ಸಂದು ಇಟ್ಟರೆ ವಾಲ್ವ್ ಬೇಗ ತೆರೆದು ತಡವಾಗಿ ಮುಚ್ಚುತ್ತದೆ, ಹೆಚ್ಚು ಇಟ್ಟರೆ ಇಳಿಜಾರನ್ನು ಬಿಟ್ಟು ಏಟು ಬೀಳುತ್ತದೆ. ರಾಕರ್ ಕವರ್ ತೆಗೆದು ವಾಲ್ವ್ ತುದಿಗೆ ಫೀಲರ್ ಗೇಜ್ ಹಾಕಿ ಸೆಟ್ ಮಾಡಿದೆ. ಪುಶ್‌ರಾಡ್ ಬೆರಳಿಗೆ ಒಂದಿಷ್ಟು ಮೇಲೆ ಕೆಳಗೆ ಆಡಿತು. ಈ ಕ್ಯಾಮಿಗೆ ಅದೇ ಸರಿ.

ಇಂಜಿನ್ ಕೊನೆಯದಾಗಿ ಕೂಡಿಸುವ ಮೊದಲು ಉಸ್ತಾದರ ಮುಂದೆ ಮಾಡಿದ ಪರೀಕ್ಷೆಗಳನ್ನೂ ಹೇಳಬೇಕು. ಕ್ಯಾಮಿನ ಬೆನ್ನನ್ನು ಡಯಲ್ ಗೇಜಿನಲ್ಲಿ ನೋಡಿದೆವು, ಮುಳ್ಳು ಅಲ್ಲಾಡಲಿಲ್ಲ. ವಾಲ್ವ್ ಪೂರ್ತಿ ಎದ್ದಾಗ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ತಾಗಬಾರದು, ಒಟ್ಟು ಒಂದು ಮಿಲಿಮೀಟರಾದರೂ ಬಿಡುವಿರಬೇಕು. ಅದನ್ನೂ ನೋಡಿದೆವು. ಆಮೇಲೆ ಪಿಸ್ಟನ್ ಮೇಲೆ ಮಕ್ಕಳು ಗೊಂಬೆ ಮಾಡುವ ಬಣ್ಣದ ಜೇಡಿಯನ್ನು ಅರ್ಧ ಬೆರಳು ದಪ್ಪ ಹಚ್ಚಿ, ಅಂಟದ ಹಾಗೆ ವಾಲ್ವಿಗೆ ಎಣ್ಣೆ ಸವರಿ, ಗ್ಯಾಸ್ಕೆಟ್ ಸಮೇತ ಹೆಡ್ ಬಿಗಿದು, ಟ್ಯಾಪೆಟ್ ಸೆಟ್ ಮಾಡಿ, ಇಂಜಿನ್ನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿದೆವು. ನಾಲ್ಕು ಸ್ಟ್ರೋಕಿಗೆ ಎರಡು ಸುತ್ತು. ತಿರುಗಿಸುವಾಗ ಎಲ್ಲಿಯಾದರೂ ತಡೆದರೆ ಬಲ ಹಾಕದೆ ನಿಲ್ಲಿಸಬೇಕು. ಹೆಡ್ ತೆಗೆದು ವಾಲ್ವ್ ಒತ್ತಿದ ಗುರುತಿನ ಮೇಲೆ ಬ್ಲೇಡಿನಿಂದ ಜೇಡಿ ಕೊಯ್ದು, ತೀರ ತೆಳ್ಳಗಿರುವಲ್ಲಿ ಅಳೆಯಬೇಕು. ಇನ್ಲೆಟ್ಟಿಗೆ ಕನಿಷ್ಠ 2, ಎಕ್ಸಾಸ್ಟಿಗೆ 2.5 ಮಿಲಿಮೀಟರ್ ಎಂಬುದು ಟ್ಯೂನಿಂಗ್ ಮಾಡುವವರ ಸಾಮಾನ್ಯ ಲೆಕ್ಕ. ಎಕ್ಸಾಸ್ಟ್ ಹೆಚ್ಚು ಕಾಯುತ್ತದೆ, ಮೇಲೇರುವ ಪಿಸ್ಟನ್ ಅದರ ಬೆನ್ನಟ್ಟಿ ಬರುತ್ತದೆ, ಅದಕ್ಕೇ ಜಾಗ ಹೆಚ್ಚು. ಕಂಪ್ರೆಷನ್ ಕಡಿಮೆಯಿರುವ ಬುಲೆಟ್ಟಿನಲ್ಲಿ ಜಾಗ ಧಾರಾಳ ಇತ್ತು. ಇಂದಿನ ಸಣ್ಣ, ಹೆಚ್ಚು ಕಂಪ್ರೆಷನ್ನಿನ ಬೈಕುಗಳಲ್ಲಿ ಇರುವುದಿಲ್ಲ. ಅಲ್ಲಿ ಈ ಜೇಡಿ ಪರೀಕ್ಷೆ ಬಿಟ್ಟವರ ವಾಲ್ವ್ ಮೊದಲ ಕಿಕ್ಕಿಗೇ ಬಾಗೀತು.

ಶಾಲೆಯ ಹುಡುಗರು ಬಂದು ಕೇಳುತ್ತಾರೆ, ‘ಸರ್, ಆರ್‌ಎಕ್ಸ್ 100ಗೆ ಯಾವ ಕ್ಯಾಮ್ ಹಾಕ್ಬೇಕ್ರಿ?’ ಅದು ಟೂ ಸ್ಟ್ರೋಕ್, ಅದಕ್ಕೆ ಕ್ಯಾಮೂ ಇಲ್ಲ, ವಾಲ್ವ್ ಸಂದೂ ಇಲ್ಲ ಎಂದು ವಿವರಿಸುತ್ತೇನೆ. ಕಬ್ಬಿಣದ ಇಂಜಿನ್ ನಂತರ ಬಂದ ಯುಸಿಇ ಬುಲೆಟ್ಟಿನಲ್ಲಿ ಹೈಡ್ರಾಲಿಕ್ ಟ್ಯಾಪೆಟ್. ಎಣ್ಣೆಯ ಒತ್ತಡವೇ ಸಂದನ್ನು ತುಂಬಿಕೊಳ್ಳುತ್ತದೆ, ಸೆಟ್ ಮಾಡುವ ಕೆಲಸವಿಲ್ಲ. ನೂರು, ನೂರೈವತ್ತು ಸಿಸಿಯ ಮಾಮೂಲಿ ಬೈಕುಗಳಲ್ಲಿ ಮ್ಯಾಗ್ನೆಟ್ಟಿನ ಟಿ ಗುರುತು ಕೂಡಿಸಿದಾಗ ಎರಡೂ ರಾಕರ್ ಸಡಿಲಿದ್ದರೆ ಸರಿಯಾದ ಜಾಗ. ಬಿಗಿಯಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಬೇಕು. ಸಂದಿನ ಅಂಕಿ ಆಯಾ ಬೈಕಿನ ಪುಸ್ತಕದಲ್ಲಿರುತ್ತದೆ. ಹಳೆಯ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡುವುದು ಅಳತೆಯಾಗುವುದಿಲ್ಲ.

ಆ ಎರಡನೇ ಕ್ಯಾಮ್ ಇಂದಿಗೂ ನನ್ನ ಬುಲೆಟ್ಟಿನಲ್ಲಿದೆ. ಲೀಟರಿಗೆ ಮೂವತ್ತಮೂರು ಕೊಡುತ್ತದೆ, ರಾಜೇಶ್ವರದ ಹತ್ತಿರ ಟ್ರ್ಯಾಕ್ಟರ್ ದಾಟುವಾಗ ಗೇರ್ ಇಳಿಸಬೇಕಿಲ್ಲ. ಕಂಪನಿ ಕ್ಯಾಮಿಗೂ ಇದಕ್ಕೂ ಇರುವ ವ್ಯತ್ಯಾಸ ಸಣ್ಣದು, ಅಷ್ಟು ಖರ್ಚಿಗೆ ತಕ್ಕದ್ದಲ್ಲ ಎಂದೂ ಹೇಳಬೇಕು. ದಿನದ ಓಡಾಟಕ್ಕೆ ಬುಲೆಟ್ ಇಟ್ಟುಕೊಂಡವರಿಗೆ ಕಂಪನಿ ಕ್ಯಾಮೇ ಸಾಕು. ಅದರ ಟ್ಯಾಪೆಟ್ ಬರೋಬರಿ ಇಟ್ಟುಕೊಂಡರೆ ಅರ್ಧ ಪಿಕಪ್ ಅಲ್ಲೇ ಸಿಗುತ್ತದೆ.

ಆದರೂ ಬದಲಿಸುತ್ತೇವೆ ಎನ್ನುವವರು ಕೊಳ್ಳುವ ಮುಂಚೆ ಚೀಟಿ ಕೇಳಿ. ಲಿಫ್ಟ್, ಡ್ಯುರೇಷನ್, ಅದನ್ನು ಅಳೆದ ಲಿಫ್ಟ್, ಟ್ಯಾಪೆಟ್ ಸಂದು, ಮತ್ತೆ ಗ್ರೈಂಡ್ ಮಾಡಿದ್ದಾದರೆ ಮತ್ತೆ ಗಟ್ಟಿ ಮಾಡಿದ್ದಾರೋ ಇಲ್ಲವೋ, ಇಷ್ಟನ್ನು ಬರೆದು ಕೊಡದವರ ಹತ್ತಿರ ಕ್ಯಾಮ್ ಕೊಳ್ಳಬೇಡಿ.